ನಲ್ಲಿ ರಿಪೇರಿಗೆ ಹತ್ತು ಅಂಕ

ಮೂವತ್ತು ವರ್ಷ ಪೈಪುಗಳ ಜತೆ ಗುದ್ದಾಡಿದ ಮನುಷ್ಯನಿಗೆ ಅರವತ್ತರ ಹತ್ತಿರ ಬಂದಾಗ ಮೇಷ್ಟರಾಗುವ ಯೋಗ ಬರುತ್ತದೆಂದು ಯಾರು ಕಂಡಿದ್ದರು? ಪಾಠದ ಜತೆಗೆ ಬದುಕಿಗೆ ಬೇಕಾದ ನಾಲ್ಕು ಕೆಲಸವನ್ನೂ ಮಕ್ಕಳಿಗೆ ಕಲಿಸಿ ಎಂದು ಮೇಲಿನಿಂದ ಸುತ್ತೋಲೆ ಬಂತು. ಶಾಲೆಯವರು ಈ ಪ್ಲಂಬರನ್ನು ಕರೆಸಿ ಶನಿವಾರದ ಎರಡು ಪೀರಿಯಡ್ಡು ಕೊಟ್ಟರು. ಮೊದಲ ದಿನವೇ ಮಕ್ಕಳು ಅವರಿಗೆ ನಲ್ಲಿ ಮೇಷ್ಟ್ರು ಎಂದು ಹೆಸರಿಟ್ಟುಬಿಟ್ಟರು. ಅವರಿಗೂ ಅದು ಇಷ್ಟವಾಯಿತು.

ಎರಡು ಪೀರಿಯಡ್ಡು ಅನ್ನುವುದು ಹೆಸರಿಗಷ್ಟೇ. ಗಣಿತದ ಮೇಡಂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಸಾರ್, ನಿಮ್ದೇನು, ಮುಂದಿನ ವಾರನೂ ಮಾಡ್ಕೋಬಹುದು. ನಂದು ಎರಡು ಅಧ್ಯಾಯ ಬಾಕಿ ಇದೆ." ಮುಂದಿನ ವಾರವೂ ಅದೇ ರಾಗ, ಅದೇ ತಾಳ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಚೀಲ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ನಾಲ್ಕು ಶನಿವಾರದಲ್ಲಿ ಒಂದು ಕೈಗೆ ಸಿಕ್ಕರೆ ಪುಣ್ಯ.

ಆ ಒಂದು ಶನಿವಾರಕ್ಕಾಗಿ ಕಾಯುತ್ತಿದ್ದವಳು ಎಂಟನೇ ತರಗತಿಯ ಕೊನೇ ಬೆಂಚಿನ ಹುಡುಗಿ. ಅಕ್ಷರ ಕಂಡರೆ ಬೆವರುವವಳು, ಪ್ರಶ್ನೆ ಕೇಳಿದರೆ ನೆಲ ನೋಡುವವಳು. ಅವಳ ಮಾರ್ಕ್ಸ್ ಕಾರ್ಡಿನಲ್ಲಿ ಕೆಂಪು ಶಾಯಿ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಆದರೆ ಶಾಲೆಯ ಹಿಂದೆ, ಕೈ ತೊಳೆಯುವ ನಲ್ಲಿಗಳ ಸಾಲಿನ ಮುಂದೆ ನಿಲ್ಲಿಸಿದರೆ ಅಬ್ಬಬ್ಬಾ, ಆ ಕೈ! ಎಲ್ಲಿ ಬಿಗಿಯಬೇಕು, ಎಲ್ಲಿ ಸಾಕು ಅನ್ನಬೇಕು ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಮೇಷ್ಟ್ರು ಅದನ್ನು ಕಲಿಯಲು ಆರು ವರ್ಷ ಬೈಸಿಕೊಂಡಿದ್ದರು.

"ಮಗಾ, ಈ ಸಲ ನಿನ್ನ ಕಾರ್ಡಲ್ಲಿ ಒಂದಾದ್ರೂ ಹತ್ತಕ್ಕೆ ಹತ್ತು ಇರತ್ತೆ. ಅದಕ್ಕೆ ನಾನು ಜವಾಬ್ದಾರಿ" ಎಂದುಬಿಟ್ಟರು ಒಂದು ದಿನ. ಮಾತು ಆಡಿದರೆ ಹೋಯಿತಲ್ಲ! ಹುಡುಗಿ ಅಮ್ಮನಿಗೆ ಹೇಳಿದಳು, ಅಮ್ಮ ಬೀದಿಗೆಲ್ಲ ಹೇಳಿದಳು.

ಅಷ್ಟರಲ್ಲಿ ಹೆಡ್ ಮೇಡಂ ಕರೆಸಿದರು. "ಈ ವಿಷಯಕ್ಕೂ ಪರೀಕ್ಷೆ ಇಡ್ತಾ ಇದೀವಿ ಸಾರ್. ಬರೆಯೋ ಪರೀಕ್ಷೆ."

"ನಲ್ಲಿ ರಿಪೇರಿ ಬರೆಯೋದಾ? ಮಾಡಿಸಿ ನೋಡಿ ಮೇಡಂ, ಐದು ನಿಮಿಷದ ಕೆಲಸ."

"ಪೋಷಕರು ಪೇಪರ್ ಕೇಳ್ತಾರೆ. ಅವರಿಗೆ ನಲ್ಲಿ ತೋರಿಸೋಕಾಗತ್ತಾ?"

"ತೋರಿಸ್ಬೇಕಾದ್ದು ಅದನ್ನೇ ಅಲ್ವಾ!"

ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮೇಷ್ಟ್ರಿಗೆ ಪೇಪರ್ ತಿದ್ದಿ ಅಭ್ಯಾಸವಿಲ್ಲ ಎಂದು ಆ ಹೊಣೆಯೂ ಗಣಿತದ ಮೇಡಂ ಪಾಲಾಯಿತು. ಅವರು ಅದೆಲ್ಲಿಂದ ತಂದರೋ, 'ಸೋರುವ ನಲ್ಲಿಯ ರಿಪೇರಿ: ಐದು ಹಂತಗಳು' ಎಂದು ನೋಟ್ಸ್ ಬರೆಸಿದರು. ಮಕ್ಕಳು ಮಗ್ಗಿಯಂತೆ ಉರು ಹೊಡೆದರು. ಆ ನೋಟ್ಸನ್ನು ಮೇಷ್ಟ್ರಿಗೊಮ್ಮೆ ತೋರಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಫಲಿತಾಂಶ ಬಂತು. ನಲವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿಗೆ ಹತ್ತಕ್ಕೆ ಹತ್ತು. ಕೊನೇ ಬೆಂಚಿನವಳಿಗೆ ಸೊನ್ನೆ. ಮೇಷ್ಟ್ರು ಸ್ಟಾಫ್ ರೂಮಿಗೆ ನುಗ್ಗಿ ಅವಳ ಪೇಪರ್ ಹುಡುಕಿ ತೆಗೆದರು. ಸೊಟ್ಟ ಅಕ್ಷರದಲ್ಲಿ ಎರಡೇ ಸಾಲು: ಮೊದಲು ಮೇಲಿನ ವಾಲ್ವ್ ಬಂದ್ ಮಾಡಬೇಕು. ಆಮೇಲೆ ಬಿಚ್ಚಿ ಹೊಸ ವಾಷರ್ ಹಾಕಬೇಕು. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ, 'ತಪ್ಪು. ನೋಟ್ಸ್ ಓದು.'

ನೋಟ್ಸ್ ತೆಗೆದು ನೋಡಿದರು. ಮೊದಲ ಹಂತ: ಪಾನಾದಿಂದ ನಲ್ಲಿಯ ತಲೆಯನ್ನು ಬಿಚ್ಚುವುದು. ನೀರು ಬಂದ್ ಮಾಡುವ ಮಾತು ಐದು ಹಂತಗಳಲ್ಲಿ ಎಲ್ಲೂ ಇಲ್ಲ.

"ಅಯ್ಯೋ ಮೇಡಂ, ವಾಲ್ವ್ ಬಂದ್ ಮಾಡ್ದೇ ಬಿಚ್ಚಿದ್ರೆ ಮನೆಯೆಲ್ಲಾ ಕೆರೆ ಆಗತ್ತೆ! ಸರಿ ಬರೆದವಳು ಇವಳೊಬ್ಬಳೇ. ಮಿಕ್ಕವರದ್ದು ಬರೀ ಪುಸ್ತಕದ ಬದನೆಕಾಯಿ."

ಗಣಿತದ ಮೇಡಂ ಮುಖ ಕೆಂಪಾಯಿತು. ಗಲಾಟೆ ಕೇಳಿ ಬಂದ ಹೆಡ್ ಮೇಡಂ ಮಾತ್ರ ತಣ್ಣಗೆ, "ಇರಬಹುದು ಸಾರ್. ಆದ್ರೆ ಈಗ ಇವಳಿಗೆ ಅಂಕ ಕೊಟ್ರೆ ಮಿಕ್ಕವರದ್ದು ಕಳೀಬೇಕಾಗತ್ತೆ. ಅಷ್ಟು ಜನ ಪೋಷಕರಿಗೆ ಯಾರು ಉತ್ತರ ಹೇಳ್ತಾರೆ? ಒಂದು ಹುಡುಗಿ, ಹತ್ತು ಅಂಕ. ಬಿಡಿ" ಎಂದರು.

"ಆ ಹತ್ತು ಅಂಕ ಅವಳಿಗೆ ಏನು ಅಂತ ನಿಮಗೆ ಗೊತ್ತಾ?" ಎಂದು ಮೇಷ್ಟ್ರು ಕೂಗಿದರು. ಮೂರು ದಿನ ಬೆಳಗಾದರೆ ಹೋಗಿ ಹೆಡ್ ಮೇಡಂ ಬಾಗಿಲು ತಟ್ಟಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಸೊನ್ನೆ ಕಾರ್ಡಿಗೆ ಏರಿತು, ಅಮ್ಮ ಅದಕ್ಕೆ ಸಹಿಯನ್ನೂ ಹಾಕಿದಳು.

ಮುಂದಿನ ಶನಿವಾರ ಯಾವ ಪುಣ್ಯಕ್ಕೋ ಪೀರಿಯಡ್ಡು ಸಿಕ್ಕಿತು. ಮೇಷ್ಟ್ರು ಹುಡುಗಿಯನ್ನೇ ಮುಂದೆ ಕರೆದರು. ಇವಳ ಕೈ ಎಲ್ಲರೂ ಒಮ್ಮೆ ನೋಡಲಿ, ಬಾಯಿ ಮುಚ್ಚಿಕೊಂಡು ನೋಡಲಿ ಎಂಬ ಸಿಟ್ಟು ಅವರಿಗೆ. "ಬಾ ಮಗಾ, ಈ ಕೊನೇ ನಲ್ಲಿ ಸೋರ್ತಾ ಇದೆ. ಮಾಡಿ ತೋರಿಸು."

ಹುಡುಗಿ ಪಾನಾ ತೆಗೆದುಕೊಂಡಳು. ನೆಟ್ಟಗೆ ನಲ್ಲಿಯ ತಲೆಗೆ ಹಾಕಿ ತಿರುಗಿಸಿದಳು. ಮೇಷ್ಟ್ರು "ಏಯ್, ತಡಿ!" ಎನ್ನುವಷ್ಟರಲ್ಲಿ ತಲೆ ಕಳಚಿ ಹಾರಿತು. ನೀರು ಭರ್ರನೆ ಚಿಮ್ಮಿ ಇಬ್ಬರನ್ನೂ ತೋಯಿಸಿತು. ಮಕ್ಕಳು ಕೇಕೆ ಹಾಕುತ್ತ ಓಡಿದರು. ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಓಡಿ ವಾಲ್ವ್ ತಿರುಗಿಸಿದರು.

"ಏನಮ್ಮಾ ಇದು? ಯಾವಾಗ್ಲೂ ಸರಿಯಾಗಿ ಮಾಡ್ತಿದ್ದೆಯಲ್ಲ! ಮೊದಲು ಬಂದ್ ಮಾಡ್ಬೇಕು ಅಂತ ಗೊತ್ತಿಲ್ವಾ?"

ಹುಡುಗಿ ಒದ್ದೆ ಕೂದಲು ಹಿಂದೆ ತಳ್ಳಿಕೊಂಡು ನೆಲ ನೋಡಿದಳು.

"ಅದು ತಪ್ಪು ಅಂತ ಬಂದಿತ್ತಲ್ವಾ ಸಾರ್."

ಹಟಕ್ಕೆ ಹೇಳುತ್ತಿದ್ದಾಳೋ ಎಂದು ಮೇಷ್ಟ್ರು ಅವಳ ಮುಖ ಹುಡುಕಿದರು. ಹಟವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಡುಗಿ ನೋಟ್ಸ್ ಓದಿಕೊಂಡು ಬಂದಿದ್ದಳು.