ತಗ್ಗು ಬೀಳುವ ಬಚ್ಚಲು

ಟೈಲ್ಸ್ ಕೆಲಸದಲ್ಲಿ ಇಟ್ಟಂಗಿಹಾಳದ ಭಾಗಪ್ಪನ ಮಾತಿಗೆ ಸುತ್ತಲ ಊರಲ್ಲಿ ಎದುರಿರಲಿಲ್ಲ. ಅವನು ಮಾಡಿದ ಬಚ್ಚಲಲ್ಲಿ ಚೊಂಬು ನೀರು ಚೆಲ್ಲಿದರೆ ಅದು ಯಾರನ್ನೂ ದಾರಿ ಕೇಳದೆ ಮೋರಿಯ ಜಾಲಿಗೆ ಹೋಗಬೇಕು. ಅಂಥವನಿಗೆ ಜೈನಾಪುರದ ಶಿವಶರಣಪ್ಪನ ಮನೆಯ ಬಚ್ಚಲು ಮೂರು ದಿನದಿಂದ ಮಣ್ಣು ಮುಕ್ಕಿಸುತ್ತಿತ್ತು.

ಸಂಜೆ ಸಿಮೆಂಟ್ ಮಾಲು ಹರಡಿ, ಪಟ್ಟಿ ಎಳೆದು, ರಸಮಟ್ಟ ಇಟ್ಟು ನೋಡಿ ಹೋದರೆ, ಬೆಳಿಗ್ಗೆ ನಟ್ಟನಡುವೆ ಪರಾತದಷ್ಟು ದುಂಡಗೆ ಎರಡು ಬೆರಳು ತಗ್ಗು. ಬಿರುಕಿಲ್ಲ, ಒಡಕಿಲ್ಲ. ಗಟ್ಟಿಯಾದ ಮಾಲು ಹಾಗೆ ಬಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಹೆದರಿಕೆ ಅದಕ್ಕೇ. ಸೊಂಟ ಮುರಿದುಕೊಂಡಿದ್ದ ತಾಯಿ ಕಾಳವ್ವ ಮತ್ತೆ ಜಾರಿ ಬೀಳದಿರಲಿ ಎಂದೇ ಶಿವಶರಣಪ್ಪ ಈ ನೆಲ ಸಮ ಮಾಡಿಸುತ್ತಿದ್ದ. ಇದರ ಮೇಲೆ ಟೈಲ್ಸ್ ಕೂರಿಸಿದರೆ ಮುದುಕಿಯ ಜೀವ ತನ್ನ ಕೈಯಿಂದಲೇ ಹೋದೀತು.

ನಾಲ್ಕನೆಯ ದಿನ ಮಧ್ಯಾಹ್ನ ಶಿವಶರಣಪ್ಪ ಟೈಲ್ಸ್ ತರಲು ಸೊಲ್ಲಾಪುರ ರಸ್ತೆಯ ಅಂಗಡಿಗೆ ಹೋದ. ಭಾಗಪ್ಪ ನೆಲ ಒಡೆದ. ಒಂದು ಮೊಳ ಕೆಳಗೆ ಕಲ್ಲಿನ ಚಪ್ಪಡಿ. ಹಾರೆ ಹಾಕಿ ಸರಿಸಿದರೆ ಜೋಳ ತುಂಬಿಡುವ ಹಳೆಯ ಹಗೇವು ಬಾಯಿ ತೆರೆಯಿತು.

"ಅವ್ವಾರ, ಇಲ್ಲಿ ಹಗೇವ ಐತಿ ಅಂತ ಯಾರೂ ಹೇಳಲಿಲ್ಲಲ್ರಿ!"

ಬಾಗಿಲಲ್ಲಿ ಕಾಳವ್ವ ಗೋಡೆ ಹಿಡಿದು ನಿಂತಿದ್ದಳು. "ಮಗಗ ಗೊತ್ತಿಲ್ಲೋ ಯಪ್ಪಾ. ಆಂವ ಹುಟ್ಟೂಕಿಂತ ಮದಲ ಮುಚ್ಚೀವಿ. ನನ್ನ ನಾದಿನಿ ಸೌಭಾಗ್ಯ ಇದರಾಗ ಸತ್ಲು."

ಹಗೇವಿಗೆ ಇಳಿಯುವ ಮುನ್ನ ದೀಪ ಬಿಟ್ಟು ನೋಡುವುದು ರೂಢಿ. ದೀಪ ಆರಿದರೆ ಒಳಗೆ ಉಸಿರು ಕಟ್ಟಿಸುವ ಕೆಟ್ಟ ಗಾಳಿ, ಯಾರೂ ಇಳಿಯುವಂತಿಲ್ಲ. ಅಂದು ದೀಪ ಬಿಡುವ ಕೆಲಸ ಹೊಸ ಸೊಸೆ ಕಾಳವ್ವನ ಪಾಲಿಗೆ ಬಂದಿತ್ತು.

"ಒಲಿ ಮ್ಯಾಲ ರೊಟ್ಟಿ ಇತ್ತು. ಬ್ಯಾಸರಾತು, ದೀಪಾ ಬಿಡಲೇ ಇಲ್ಲ. 'ಉರಿಯಾಕತ್ತೈತಿ, ಇಳಿ' ಅಂದ್ನಿ. ನನ್ನ ಮಾತ ನಂಬಿ ಇಳದ್ಲು. ದೀಪ ಆಮ್ಯಾಲ ಆರಿರಬೇಕು ಅಂದ್ರು ಎಲ್ಲಾರೂ. ಐವತ್ತ ವರ್ಷ ನಾ ಸುಮ್ಮನದೀನಿ." ಮುದುಕಿ ಬಿಕ್ಕಿದಳು. "ಈಗರೆ ಒಂದ ದೀಪ ಬಿಡೋ ಭಾಗಪ್ಪ. ಇಲ್ಲಂದ್ರ ಆಕಿ ಈ ನೆಲಾ ನಿಲ್ಲಗೊಡೂದಿಲ್ಲ."

ಭಾಗಪ್ಪ ದೆವ್ವಗಿವ್ವ ನಂಬುವವನಲ್ಲ. ಆದರೂ ಅವಳ ಮುಖ ನೋಡಿ ಇಲ್ಲವೆನ್ನಲಾಗದೆ ಕಂದೀಲು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ.

ಆರು ಮೊಳ, ಏಳು ಮೊಳ. ದೀಪ ನಿಚ್ಚಳವಾಗಿ ಉರಿಯುತ್ತಿತ್ತು. ಎಂಟನೆಯ ಮೊಳಕ್ಕೆ ಹಗ್ಗ ಹಗುರಾಯಿತು. ನೆಲ ಮುಟ್ಟಿತು ಎಂದುಕೊಂಡ. ಆದರೆ ಬೆಳಕು, ಯಾರೋ ಎತ್ತಿ ಹಿಡಿದು ನಡೆದ ಹಾಗೆ, ಗೋಡೆಗುಂಟ ಸರಿಯಿತು. ಗಾಬರಿಯಿಂದ ಹಗ್ಗ ಎಳೆದರೆ ಗಂಟು ಬಿಚ್ಚಿದ ತುದಿಯೊಂದೇ ಕೈಗೆ ಬಂತು.

ಕೆಳಗಿನಿಂದ ಅತ್ತಿಗೆಯನ್ನು ಕರೆಯುವ ಹುಡುಗಿಯ ದನಿ ಕೇಳಿಸಿತು. ಅದರಲ್ಲಿ ಸಿಟ್ಟಿರಲಿಲ್ಲ.

"ವೈನಿ, ದೀಪ ಉರಿಯಾಕತ್ತೈತಿ. ಇಳಿ."

ಭಾಗಪ್ಪ ತಿರುಗುವಷ್ಟರಲ್ಲಿ ಕಾಳವ್ವ ಹಗೇವಿನ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟಿದ್ದಳು. ಅವನು ಬಾಗಿ ರಟ್ಟೆ ಹಿಡಿದು ಎಳೆದ. ಹಿಡಿಯಷ್ಟಿದ್ದ ಮುದುಕಿ ಅಲುಗಾಡಲಿಲ್ಲ.

"ಬಿಡೋ ಯಪ್ಪಾ," ಎಂದಳು ಅವಳು, "ನಾ ಅಂದಾಗ ಆಕಿ ಇಳದಿದ್ಲು."

ಭಾಗಪ್ಪ ಬಿಡಲಿಲ್ಲ. ಕೆಳಗಿನವಳೂ ಬಿಡಲಿಲ್ಲ.