ಲಿಡಿಯಮ್ಮನ ಎಡೆ

ಕಾಲೇಜಿನ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋಗಿದ್ದವನು ಸಂಜೆ ಐದರ ಹೊತ್ತಿಗೆ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದೆ. ಮನೆಯ ಮೆಟ್ಟಿಲ ಮೇಲೆ ಕಾಲಿಡುವ ಮೊದಲೇ ಮನೆಯೊಡತಿ ಮರಿತಾಯಮ್ಮ ಅಡ್ಡ ಬಂದರು. ಕೈಯಲ್ಲಿ ಚೊಂಬಿತ್ತು.

"ಒಳಕ್ಕೆ ಬರ್‍ಬ್ಯಾಡಿ ಮೇಷ್ಟ್ರೆ. ಹಿತ್ಲಲ್ಲಿ ಹಂಡೆನೀರು ಕಾದದ. ಮೊದ್ಲು ತಲೆಮ್ಯಾಲೆ ಉಯ್ಕಂಡು ಬನ್ನಿ."

"ಯಾಕ್ರಮ್ಮಾ, ಏನಾಯ್ತು?"

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಜಗಲಿಯ ಮೇಲೆ ಪೋಸ್ಟ್‌ಮನ್ ಪುಟ್ಟಮಾದು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎದುರಿನ ಗಡಿಯಾರ ರಿಪೇರಿ ಅಂಗಡಿಯ ಹಿದಾಯತ್ ಉಲ್ಲಾ ಕೂಡ ಕೆಲಸ ಬಿಟ್ಟು ಬಂದು ನಿಂತಿದ್ದರು. ನನಗಿರುವವಳು ಒಬ್ಬಳೇ ಅಕ್ಕ, ಬೇಗೂರಿನಲ್ಲಿ. ಮಾತು ಬಿಟ್ಟು ಆರು ವರ್ಷವಾಗಿದ್ದರೂ ಮೊದಲು ನೆನಪಾದದ್ದು ಅವಳೇ.

"ಬೇಗೂರಿನಿಂದ ಏನಾದ್ರೂ ಸುದ್ದಿ ಬಂತಾ?"

"ಬೇಗೂರಲ್ಲ ಸಾ, ಅಮೇರಿಕದಿಂದ," ಅಂದ ಪುಟ್ಟಮಾದು. "ನಿಮ್ ಲಿಡಿಯಮ್ಮ ಓಗ್ಬುಟ್ರಂತೆ."

ಲಿಡಿಯಮ್ಮ ಹೋಗಿ ಆಗಲೇ ತೊಂಬತ್ತೊಂಬತ್ತು ವರ್ಷ ಹನ್ನೊಂದೂವರೆ ತಿಂಗಳಾಗಿತ್ತು.

ತಪ್ಪು ನನ್ನದೇ, ಒಪ್ಪಿಕೊಂಡುಬಿಡುತ್ತೇನೆ. ಲಿಡಿಯಾ ಪೆಂಡಲ್ ಮ್ಯಾಸಚೂಸೆಟ್ಸಿನ ಒಂದು ಹೊಳೆದಂಡೆಯ ಊರಿನ ಕವಯಿತ್ರಿ. ಹದಿನಾಲ್ಕನೇ ವಯಸ್ಸಿಗೆ ಹತ್ತಿ ಗಿರಣಿ ಸೇರಿದಳು. ಗಿರಣಿಯೊಳಗೆ ಪುಸ್ತಕ ತರುವಂತಿರಲಿಲ್ಲ, ಅದಕ್ಕೆ ಪದ್ಯಗಳನ್ನು ಚೂರು ಕಾಗದದಲ್ಲಿ ಬರೆದು ಮಗ್ಗದ ಒಳಪಕ್ಕಕ್ಕೆ ಅಂಟಿಸಿಕೊಳ್ಳುತ್ತಿದ್ದಳು. ಆ ಗಿರಣಿಗೆ ಹತ್ತಿ ಬರುತ್ತಿದ್ದುದು ದಕ್ಷಿಣದ ಸೀಮೆಯಿಂದ, ಗುಲಾಮರು ಬಿಡಿಸಿದ ಹತ್ತಿ. ಆಮೇಲೆ ಆ ಗುಲಾಮಗಿರಿಗಾಗಿಯೇ ಯುದ್ಧವಾಯಿತು, ಅವಳ ತಮ್ಮ ಹೋದ, ತಿರುಗಿ ಬರಲಿಲ್ಲ. ಎದೆಗೆ ಗಿರಣಿಯ ದೂಳು ಸೇರಿ ಕೆಮ್ಮು ಹತ್ತಿದ ಮೇಲೆ ಶಾಲೆಯಲ್ಲಿ ಪಾಠ ಹೇಳಿದಳು. ಊರಲ್ಲಿ ಯಾರೇ ಸತ್ತರೂ ಅವರ ಸಮಾಧಿ ಕಲ್ಲಿಗೆ ನಾಲ್ಕು ಸಾಲು ಬರೆದುಕೊಡುತ್ತಿದ್ದಳು. ಅಚ್ಚಾಗಿದ್ದು ಒಂದೇ ಪುಸ್ತಕ, ಮುನ್ನೂರು ಪ್ರತಿ. ಮದುವೆಯಿಲ್ಲ, ಮಕ್ಕಳಿಲ್ಲ. ೧೮೯೬ರ ಅಕ್ಟೋಬರ್ ಹನ್ನೆರಡಕ್ಕೆ ಸತ್ತಾಗ ಅವಳ ಕಲ್ಲಿನ ಮೇಲೆ ಬರೀ ಹೆಸರು ಮತ್ತು ಎರಡು ತಾರೀಕು ಕೆತ್ತಿದರು. ಪದ್ಯ ಬರೆದುಕೊಡಲು ಊರಲ್ಲಿ ಇನ್ಯಾರೂ ಇರಲಿಲ್ಲ.

ಈ ಪುಸ್ತಕ ನನಗೆ ಸಿಕ್ಕಿದ್ದು ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ, ೧೯೭೫ರಲ್ಲಿ. ನಿಂತಲ್ಲೇ ತೆರೆದ ಪುಟದಲ್ಲಿ ಹೀಗಿತ್ತು: "ಈ ನೂಲನ್ನು ನನಗಿಂತ ಮೊದಲು ಮುಟ್ಟಿದ ಬೆರಳು ಯಾರದು ಎಂದು ಕೇಳಿದೆ. ಮಗ್ಗ ನೋಡಿಕೋ ಎಂದ ಮೇಸ್ತ್ರಿ." ನನ್ನ ಅವ್ವ ಸಂತೆಮರಹಳ್ಳಿ ಕಡೆಯ ಹೊಲಗಳಲ್ಲಿ ಕೂಲಿಗೆ ಹತ್ತಿ ಬಿಡಿಸುತ್ತಿದ್ದವಳು. ಒಣಗಿದ ಕಾಯಿಯ ತುದಿ ಚುಚ್ಚಿ ಚುಚ್ಚಿ ಅವಳ ಬೆರಳ ಸಂದುಗಳು ಸದಾ ಬಿರಿದಿರುತ್ತಿದ್ದವು. ನೂರು ವರ್ಷದ ಹಿಂದೆ, ಸಮುದ್ರದಾಚೆ, ಒಬ್ಬಳು ಆ ಬೆರಳನ್ನು ವಿಚಾರಿಸಿದ್ದಳಲ್ಲ ಎಂದು ಫುಟ್‌ಪಾತಿನ ಮೇಲೆ ನಿಂತೇ ಅತ್ತುಬಿಟ್ಟೆ. ಇವಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದಾಗ ಮಾರ್ಗದರ್ಶಕರು, "ಮಾಡಿದ್ರೆ ಓದೋರ್ಯಾರ್ರೀ ಶಿವರುದ್ರಸ್ವಾಮಿ?" ಎಂದು ಕೇಳಿದರು. ನಾನು ಹಟಮಾರಿ. ಅವರು ನಿವೃತ್ತರಾದರು, ನನ್ನ ಪ್ರಬಂಧ ಟ್ರಂಕು ಸೇರಿತು. ಕಾಲೇಜಿನಲ್ಲಿ ಹುಡುಗರಿಗೆ ವ್ಯಾಕರಣ ಹೇಳಿಕೊಂಡು, ಮರಿತಾಯಮ್ಮನ ಮನೆಯ ಹಿಂಭಾಗದ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕಳೆದೆ. ನನ್ನೊಡನೆ ಲಿಡಿಯಾಳ ಬಗ್ಗೆ ಮಾತಾಡುವ ಒಂದು ನರಪಿಳ್ಳೆಯೂ ಈ ತಾಲ್ಲೂಕಿನಲ್ಲಿರಲಿಲ್ಲ.

ಇದ್ದದ್ದು ಅವಳ ಊರಿನ ಸ್ಮಾರಕ ಸಂಘ. ಕಾರ್ಯದರ್ಶಿ ಈಡಿತ್ ವಾರ್ನರ್ ಎಂಬ ನಿವೃತ್ತ ಶಿಕ್ಷಕಿ. ವರ್ಷಕ್ಕೆ ಮೂರು ಸಲ ಆಕೆಯ ಕಾಗದ ಬರುತ್ತಿತ್ತು. ಲಕೋಟೆಯ ಮೂಲೆಯಲ್ಲಿ, ನಡುಬೈತಲೆ ತೆಗೆದ ಲಿಡಿಯಾಳ ಪುಟ್ಟ ಚಿತ್ರ. ಮೊದಲ ಸಲ ಅದನ್ನು ನೋಡಿದಾಗಲೇ ಮರಿತಾಯಮ್ಮ, "ಯಾರು ಮೇಷ್ಟ್ರೆ ಈಯಮ್ಮ?" ಎಂದಿದ್ದರು. "ಲಿಡಿಯಾ ಅಂತ," ಎಂದೆ. ಅದು ನಿಜ. "ಇವರೇಯ ನಿಮ್ಗೆ ಕಾಗ್ದ ಬರ್‍ಯದು?" ಎಂದರು. "ಹ್ಞೂಂ," ಎಂದೆ. ಅದು ಸುಳ್ಳು. ನನಗೂ ಒಬ್ಬಳು ಕಾಗದ ಬರೆಯುತ್ತಾಳೆ ಎಂದು ಯಾರಾದರೂ ನಂಬಲಿ ಎನಿಸಿತು, ಅಷ್ಟೇ. ಆಮೇಲೆ ಪ್ರತಿ ಕಾಗದಕ್ಕೂ ಅವರು "ಎಂಗವ್ರಂತೆ ಲಿಡಿಯಮ್ಮ?" ಎಂದು ಕೇಳುವುದು, ನಾನು ಅವಳ ಜೀವನಚರಿತ್ರೆಯನ್ನು ಇಷ್ಟಿಷ್ಟೇ ಹೇಳುವುದು ರೂಢಿಯಾಯಿತು. ಗಿರಣಿಯಲ್ಲಿದ್ದಾರೆ ಎಂದೆ. ಕೆಮ್ಮು ಅಂದೆ. "ಆಡುಸೋಗೆ ಕಸಾಯ ಕುಡೀಲಿ ಅಂತ ಬರೀರಿ," ಎಂದರು. ತಮ್ಮ ಯುದ್ಧದಲ್ಲಿ ಹೋದ ಎಂದ ದಿನ ಮರಿತಾಯಮ್ಮ ಒಲೆ ಹಚ್ಚಲಿಲ್ಲ.

ಈ ಸಲದ ಕಾಗದಕ್ಕೆ ನಾನು ಮೂರು ತಿಂಗಳಿಂದ ಕಾದಿದ್ದೆ. ಅಕ್ಟೋಬರ್ ಹನ್ನೆರಡಕ್ಕೆ ಲಿಡಿಯಾ ಸತ್ತು ನೂರು ವರ್ಷ. ಅವಳ ಸಮಾಧಿಯ ಬಳಿ ಓದಬಹುದೇ ಎಂದು ಇಪ್ಪತ್ತೆರಡು ಪುಟದ ಲೇಖನವನ್ನು ಜುಲೈಯಲ್ಲಿ ಕಳಿಸಿದ್ದೆ. ಹತ್ತಿ ಬಿಡಿಸಿದ ಕೈ, ನೂಲು ನೇಯ್ದ ಕೈ, ಎರಡರ ಬಗ್ಗೆಯೂ ಬರೆದಿದ್ದೆ. ಬದುಕಿನಲ್ಲಿ ಒಂದೇ ಒಂದು ಸಲ, ನಾನು ಬರೆದದ್ದನ್ನು ನಾಲ್ಕು ಜನ ಕೂತು ಕೇಳಬೇಕಿತ್ತು.

"ಕಾಗದ ಎಲ್ಲಿ?" ಎಂದೆ.

"ಅರ್‍ದಾಕ್ಬುಟ್ಟೆ ಕನಾ," ಎಂದರು ಮರಿತಾಯಮ್ಮ.

ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ಇಡುವುದಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಬಿಸಾಡುತ್ತಾರೆ. ಈ ಲಕೋಟೆಗೆ ಸುತ್ತಲೂ ದಪ್ಪ ಕಪ್ಪು ಅಂಚಿತ್ತಂತೆ, ಪುಟ್ಟಮಾದು ನೋಡಿದವನೇ ಮೆಟ್ಟಿಲ ಕೆಳಗೇ ನಿಂತನಂತೆ. ಇಂಗ್ಲಿಷ್ ಬಲ್ಲ ಹಿದಾಯತ್ ಉಲ್ಲಾರನ್ನು ಕರೆಸಿದ್ದಾರೆ. ಅವರು ಒಡೆದು, "ಲಿಡಿಯಾ ಪೆಂಡಲ್ ನೆನಪಿಗೆ" ಎಂಬ ದಪ್ಪಕ್ಷರ ಓದುವಷ್ಟರಲ್ಲಿ ಮರಿತಾಯಮ್ಮ ಕಿತ್ತುಕೊಂಡು ನಾಲ್ಕು ಸಲ ಹರಿದು ಚರಂಡಿಯ ಕಡೆ ಎಸೆದಿದ್ದಾರೆ.

ಸಿಟ್ಟು ನೆತ್ತಿಗೇರಿತು. ಇನ್ನೇನು ಬೈದುಬಿಡುತ್ತಿದ್ದೆ. ಆದರೆ ಮೂವರ ಮುಖದಲ್ಲೂ ನನಗಾಗಿ ಪಟ್ಟ ದುಃಖವಿತ್ತು. ನನಗೋಸ್ಕರ ಯಾರಾದರೂ ಅತ್ತು ಎಷ್ಟೋ ಕಾಲವಾಗಿತ್ತು. ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡೆ. ಹಂಡೆಯ ಮುಂದೆ ಕೂತು, ನೂರು ವರ್ಷದ ಹಿಂದೆ ಸತ್ತವಳಿಗಾಗಿ ನಿಜವಾಗಿಯೂ ಅತ್ತೆ.

ಮಾರನೆಯ ದಿನ ಹಿದಾಯತ್ ಉಲ್ಲಾ ಅಂಗಡಿಗೆ ಕರೆದರು. "ಬರವಣಿಗೆ ಇರೋ ಕಾಗದ ಕಾಲಡಿ ಬೀಳಬಾರದು ಅಂತ ನಮ್ಮ ಅಬ್ಬಾ ಹೇಳ್ತಿದ್ರು ಸಾರ್," ಎಂದು ಹಳೇ ವಾಚಿನ ಗಾಜುಗಳ ಡಬ್ಬ ತೆರೆದರು. ಒಳಗೆ ಕಾಗದದ ಚೂರುಗಳು. "ಮರಿತಾಯಮ್ಮ ಎಸೆದ ಮೇಲೆ ಸಿಕ್ಕಿದಷ್ಟು ಆರಿಸಿದೆ. ಗೋಡೆ ಸಂದಿಗೆ ಇಡೋಣ ಅಂತಿದ್ದೆ. ನಿನ್ನೆ ನಿಮ್ಮ ಮುಖ ನೋಡಿದೆ. ಜೋಡಿಸೋಣ ಅನ್ನಿಸ್ತು."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಮುಳ್ಳು ಎತ್ತುವ ಚಿಮಟದಿಂದ ಅವರು ಒಂದೊಂದೇ ಚೂರನ್ನು ಗಾಜಿನ ಮೇಲೆ ಹೊಂದಿಸಿದರು. ನಾನು ಪಕ್ಕದಲ್ಲಿ ಕೂತು ಓದುತ್ತಾ ಹೋದೆ. ನೂರನೇ ವರ್ಷದ ನೆನಪಿಗೆಂದು ಅಂಚಿಗೆ ಕಪ್ಪು ಹಚ್ಚಿಸಿದ್ದಾಗಿ ಈಡಿತ್ ಬರೆದಿದ್ದರು. ಸಂಘದಿಂದ ಬರುವ ಕೊನೆಯ ಕಾಗದ ಇದೇ. ಸದಸ್ಯರೆಂದು ಉಳಿದವರು ತಾನು, ವೃದ್ಧಾಶ್ರಮದಲ್ಲಿರುವ ಇನ್ನೊಬ್ಬರು ಮತ್ತು ನಾನು. ಸಮಾಧಿಯ ಬಳಿ ಸಮಾರಂಭ ಇರುವುದಿಲ್ಲ, ಕೇಳಲು ಯಾರೂ ಇಲ್ಲ. ತಾನು ಊರು ಬಿಟ್ಟು ಮಗಳ ಮನೆಗೆ ಹೋಗುತ್ತಿರುವುದರಿಂದ ಈ ವಿಳಾಸಕ್ಕೆ ಇನ್ನು ಬರೆಯಬೇಡಿ. ಕೊನೆಯಲ್ಲಿ, "ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಅದು ನನಗೆ" ಎಂದಿತ್ತು. ಮುಂದಿನ ಚೂರು ಚರಂಡಿಯಲ್ಲಿ ಹೋಗಿತ್ತು. ಅವರ ಹೊಸ ವಿಳಾಸವೂ ಅದರಲ್ಲೇ ಇದ್ದಿರಬೇಕು. ಹಿದಾಯತ್ ಉಲ್ಲಾ ಡಬ್ಬವನ್ನು ಬೋರಲು ಹಾಕಿ ತಟ್ಟಿ ನೋಡಿದರು. ಏನೂ ಬೀಳಲಿಲ್ಲ.

ಒಂಟಿತನ ನನಗೆ ಹೊಸದಲ್ಲ. ಆದರೆ ಅಷ್ಟು ದಿನ ಭೂಮಿಯ ಆ ತುದಿಯಲ್ಲಿ ಒಂದು ಸಂಘವಿದೆ ಎಂಬ ಧೈರ್ಯವಿತ್ತು. ಆವತ್ತು ಅದೂ ಹೋಯಿತು. ಒಂದು ವಾರ ಕಾಲೇಜಿಗೆ ಹೋಗಿ ಬಂದದ್ದೇ ನೆನಪಿಲ್ಲ. ಕೊನೆಗೆ, ಈ ಸುಳ್ಳನ್ನೂ ಹೊತ್ತುಕೊಂಡು ಇರಲಾರೆ ಎನಿಸಿ ಮರಿತಾಯಮ್ಮನ ಮುಂದೆ ಕೂತೆ. ಆಕೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದರು. ಎಲ್ಲ ಹೇಳಿದೆ. ಕಾಗದ ಬರೆಯುತ್ತಿದ್ದವಳು ಲಿಡಿಯಾ ಅಲ್ಲ, ಲಿಡಿಯಾ ಸತ್ತು ನೂರು ವರ್ಷ, ನಿಮಗೆ ಇಷ್ಟು ವರ್ಷ ಸುಳ್ಳು ಹೇಳಿದೆ ಎಂದೆ.

ಬೈಗುಳಕ್ಕೆ ಕಾದೆ. ಆಕೆ ಹುರುಳಿಯಿಂದ ಒಂದು ಕಲ್ಲು ಆರಿಸಿ ಎಸೆದರು.

"ಗಂಡ ಮಕ್ಳು ಇರ್‍ನಿಲ್ಲ ಅಂದ್ರಿ?"

"ಇರಲಿಲ್ಲ."

"ತಮ್ಮನೂ ಓದ."

"ಹೋದ."

"ಅಂಗಾರೆ ನೂರು ವರ್ಸದಿಂದ ಆಯಮ್ಮಂಗೆ ಒಬ್ರೂ ಎಡೆ ಇಕ್ಕಿಲ್ವಾ?"

"ಇಲ್ಲ," ಎಂದೆ.

"ಬರೋ ಶನಿವಾರ ಮಾಲಯ ಅಮಾಸೆ. ನಮ್ಮ ಯಜಮಾನ್ರಿಗೆ ಇಕ್ತೀನಿ. ಪಕ್ಕದಲ್ಲಿ ಇನ್ನೊಂದೆಲೆ ಹಾಕನ ಬುಡಿ. ಆಯಮ್ಮಂಗೆ ಏನಂದ್ರೆ ಇಷ್ಟ?"

ಶನಿವಾರ ಅಕ್ಟೋಬರ್ ಹನ್ನೆರಡು. ಕ್ಯಾಲೆಂಡರನ್ನು ಎರಡೆರಡು ಸಲ ನೋಡಿದೆ. ಲಿಡಿಯಾಳ ಛಂದಸ್ಸು ಗೊತ್ತು, ಗಿರಣಿಯ ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತಿತ್ತು ಎಂಬುದೂ ಗೊತ್ತು. ಇಪ್ಪತ್ತೊಂದು ವರ್ಷ ಓದಿದವನಿಗೆ ಅವಳು ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದಳು ಎಂಬುದು ಗೊತ್ತಿರಲಿಲ್ಲ. ಎರಡು ದಿನ ಟ್ರಂಕು ಕೆದಕಿದೆ. ಒಂದು ಹಳೇ ಕಾಗದದ ನಕಲಿನಲ್ಲಿ, ಗಿರಣಿಯ ಹಾಸ್ಟೆಲಿನಿಂದ ತಾಯಿಗೆ ಬರೆದದ್ದರಲ್ಲಿ, ಒಂದು ಸಾಲು ಸಿಕ್ಕಿತು. ಯಾರಾದರೂ ಈ ಕಡೆ ಬಂದರೆ ನಮ್ಮ ಗಿಡದ ಸೇಬು ಕಳಿಸು, ಇಲ್ಲಿ ಎಲ್ಲಕ್ಕೂ ಎಣ್ಣೆಯ ವಾಸನೆ ಎಂದಿತ್ತು. ಅಷ್ಟೂ ವರ್ಷ ಆ ಸಾಲನ್ನು ದಾಟಿಕೊಂಡು ಓದಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ನಡುಮನೆಯಲ್ಲಿ ಎಲೆ ಹಾಕಿದರು. ಲಕೋಟೆಯ ಮೂಲೆಯ ಚಿತ್ರವನ್ನು ಹಿದಾಯತ್ ಉಲ್ಲಾ ಒಂದು ವಾಚಿನ ಗಾಜಿನೊಳಗೆ ಕೂರಿಸಿಕೊಟ್ಟಿದ್ದರು. ಅದರ ಮುಂದೆ ಬಸ್‌ಸ್ಟ್ಯಾಂಡಿನಿಂದ ತಂದ ಎರಡು ಸೇಬು, ವಡೆ, ಪಾಯಸ, ಒಂದು ಲೋಟ ಆಡುಸೋಗೆ ಕಷಾಯ. ಬಡಿಸಿ ಎದ್ದ ಮರಿತಾಯಮ್ಮ ನನ್ನ ಕಡೆ ತಿರುಗಿದರು.

"ನಿಮ್ಮವ್ವಂಗೆ ಇಕ್ತೀರಾ ಮೇಷ್ಟ್ರೆ?"

"ಇಲ್ಲ. ಅಕ್ಕ ಇಕ್ತಾಳೆ ಬೇಗೂರಲ್ಲಿ." ಇಂಥದ್ದರಲ್ಲೆಲ್ಲ ನನಗೆ ನಂಬಿಕೆಯಿಲ್ಲವೆಂದು ಜಂಬದಿಂದ ಹೇಳಿಯೇ ಅಕ್ಕನೊಡನೆ ಜಗಳ ಮಾಡಿಕೊಂಡಿದ್ದೆ.

"ಅವ್ವಂಗೆ ಏನಿಷ್ಟ?"

"ಹುರುಳಿ ಬಸ್ಸಾರು, ರಾಗಿಮುದ್ದೆ," ಎಂದುಬಿಟ್ಟೆ. ಇದಕ್ಕೆ ಯಾವ ಟ್ರಂಕನ್ನೂ ಕೆದಕಬೇಕಿರಲಿಲ್ಲ. ಮರಿತಾಯಮ್ಮ ಅಡುಗೆಮನೆಗೆ ಹೋದರು. ಲಿಡಿಯಾಳ ಎಲೆಯ ಪಕ್ಕಕ್ಕೆ ಮೂರನೆಯ ಎಲೆ ಬಂತು.

ಎಡೆಯಿಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಕದ ಮುಚ್ಚಿ ಎಲ್ಲರೂ ಹೊರಗೆ ಕೂರುವುದು ಪದ್ಧತಿ. ಜಗಲಿಯ ಮೇಲೆ ಮರಿತಾಯಮ್ಮ, ಪುಟ್ಟಮಾದು, ನಾನು ಕೂತೆವು. ಹಿದಾಯತ್ ಉಲ್ಲಾ ಸ್ಟೂಲು ತಂದು ಬೀದಿಯ ಅಂಚಿಗೆ ಹಾಕಿಕೊಂಡರು.

"ಅವ್ರು ಉಣ್ಣಗಂಟ ಬಾಯಿ ಮುಚ್ಕಂಡು ಯಾಕ್ ಕುಂತಿರನ?" ಎಂದರು ಮರಿತಾಯಮ್ಮ. "ಅಲ್ಲಿ ಓದಕ್ಕೆ ಅಂತ ಅದೇನೊ ಬರ್‍ದಿದ್ರಲ್ಲ, ತಂದು ಇಲ್ಲೇ ಓದಿ."

ಇಂಗ್ಲಿಷಿನಲ್ಲಿ ಬರೆದಿದ್ದನ್ನು ಅಲ್ಲಲ್ಲೇ ಕನ್ನಡ ಮಾಡಿಕೊಂಡು ಓದಿದೆ. ಆ ನೂಲಿನ ಪದ್ಯ ಬಂದಾಗ ಪುಟ್ಟಮಾದು, "ಇನ್ನೊಂದ್ಸಲ ಯೋಳಿ ಸಾ," ಎಂದ. ಇನ್ನೊಮ್ಮೆ ಓದಿದೆ. ಇಪ್ಪತ್ತೆರಡು ಪುಟ ಮುಗಿಯುವವರೆಗೂ ಯಾರೂ ಏಳಲಿಲ್ಲ. ಅವ್ವನ ಬೆರಳಿನ ಮಾತು ಬಂದಲ್ಲಿ ಹಾಳೆಯನ್ನು ತೊಡೆಯ ಮೇಲಿಟ್ಟೆ. ಅವರು ಕಾದರು. ಮತ್ತೆ ಓದಿದೆ.

ಮುಗಿದ ಮೇಲೆ ಮರಿತಾಯಮ್ಮ ಎದ್ದು ಸೀರೆ ಕೊಡವಿಕೊಂಡರು. "ಏಳಿ, ಕದ ತೆಗೀರಿ. ಅವರ ಕಡೆಯೋರು ನೀವೇಯ. ಸುಮ್ನೆ ತಳ್ಬಾರ್‍ದು, ತಟ್ಟಿ ಎಸ್ರಿಡ್ದು ಕರೀಬೇಕು."

ಯಾರ ಕಡೆಯವನೂ ಅಲ್ಲವೆಂದುಕೊಂಡೇ ನಲವತ್ತೊಂಬತ್ತು ವರ್ಷ ಬದುಕಿದ್ದೆ. ಕದದ ಮೇಲೆ ಕೈಯಿಟ್ಟು ಮೂರು ಸಲ ತಟ್ಟಿದೆ.

"ಅವ್ವಾ," ಎಂದೆ. "ಲಿಡಿಯಾ. ಊಟ ಆಯ್ತಾ?"