ಯಾವ ಬಾಟ್ಲಿ

ಗುರುಬಾಯಿ ಮತ್ತೊಂದು ಬಾಟಲಿ ತೆರೆದು ಅದರಿಂದಲೂ ಒಂದು ಮುಚ್ಚಳದಷ್ಟು ಹವಳ ಸಾಕಿದ ಗಾಜಿನ ತೊಟ್ಟಿಗೆ ಸುರಿದಳು. ಯಾವುದು ಕ್ಯಾಲ್ಸಿಯಂ, ಯಾವುದು ಅಯೋಡಿನ್ ಅವಳಿಗೆ ಗೊತ್ತಿರಲಿಲ್ಲ. ಎಲ್ಲದರಿಂದಲೂ ದಿನಾ ಒಂದಿಷ್ಟು ಹಾಕಿದರೆ ಬೇಕಾದದ್ದು ಹೇಗೂ ಸೇರುತ್ತದೆ ಎಂದುಕೊಂಡಿದ್ದಳು. ಆದರೆ ಹವಳಗಳು ಮುದುಡುತ್ತಲೇ ಹೋಗಿದ್ದವು. ಅವುಗಳ ಹಸಿರು ಬಿಳಿಚಿಕೊಂಡಿತ್ತು.

ತೊಟ್ಟಿ ಮಗ ಶರಣುವಿನದು. ಭಾಂಡುಪಿನ ಈ ಸಣ್ಣ ಮನೆಯ ಹಾಲಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ ಅದನ್ನು ಕೂರಿಸಿದ್ದ. ಫೋರ್ಟಿನ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಅದರ ಮುಂದೆ ಬಗ್ಗಿ ನಿಲ್ಲುತ್ತಿದ್ದ. ಈ ಮಳೆಗಾಲದಲ್ಲಿ ಲೋಕಲ್ ರೈಲಿನ ಬಾಗಿಲಿನಿಂದ ಜಾರಿಬಿದ್ದ. ಎಡಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಆಸ್ಪತ್ರೆಯಿಂದ ಬಂದಮೇಲೆ ಒಳಕೋಣೆಯಲ್ಲಿ ಗೋಡೆಯತ್ತ ಮುಖ ಮಾಡಿ ಮಲಗಿದವನು ತೊಟ್ಟಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಯಾವ ಬಾಟಲಿ ಹಾಕಲಿ ಎಂದು ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ.

"ಛೋಡ್ ನಾ ಅವ್ವಾ. ಸತ್ರ ಸಾಯ್ಲಿ."

ಆ ದಿನ ಅವಳು ಬಾಟಲಿಗಳನ್ನೂ ನೀರು ಪರೀಕ್ಷಿಸುವ ಡಬ್ಬಿಯನ್ನೂ ಬುಟ್ಟಿಯಲ್ಲಿ ತುಂಬಿಕೊಂಡು, ಒಂದು ಲೋಟ ತೊಟ್ಟಿಯ ನೀರು ಹಿಡಿದು ಅವನ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ನಾ ಹಾಕಿದ್ದಕ್ಕ ಸಾಯಾಕತ್ತಾವು ಅನಸ್ತದ," ಎಂದಳು. "ಯಾವ್ದು ಹಾಕ್ಲಿ ಅಂತ ಹೇಳೋದು ಬ್ಯಾಡ. ಯಾವ್ದು ಬಿಡ್ಲಿ, ಅದನ್ನರ ಹೇಳು."

ಅವನು ಇತ್ತ ತಿರುಗಿದ. "ಎಷ್ಟ್ ಹಾಕಿದಿ?"

"ಎಲ್ಲಾದ್ರಾಗ ಒಂದೊಂದ್ ಮುಚ್ಚಳ."

"ರೋಜ್?"

ದಿನಾ ಹೌದೆಂದು ಅವಳು ತಲೆಯಾಡಿಸಿದಳು. ಶರಣು ಮೊಣಕೈ ಊರಿ ಎದ್ದು ಕೂತ. ಪುಟ್ಟ ಗಾಜಿನ ನಳಿಗೆಗೆ ನೀರು ಹಾಕಿ ಪರೀಕ್ಷೆಯ ಮದ್ದನ್ನು ಹನಿಹನಿಯಾಗಿ ಬಿಡುತ್ತ ಹೋದ. ನೀಲಿ ಬಣ್ಣ ಹಳದಿಗೆ ತಿರುಗಲು ಬಹಳ ಹನಿಗಳೇ ಬೇಕಾದವು. ನೀರಿನಲ್ಲಿ ಕ್ಷಾರ ವಿಪರೀತವಾಗಿತ್ತು. ಫಾಸ್ಫೇಟ್ ನೋಡಿದರೆ ಇಲ್ಲವೇ ಇಲ್ಲ. ಅದನ್ನು ಹೀರುವ ಕಂದು ಹರಳುಗಳನ್ನು ಅವಳು ಪೊಟ್ಟಣಗಟ್ಟಲೆ ಫಿಲ್ಟರಿಗೆ ತುಂಬಿದ್ದಳು. ಹವಳಕ್ಕೂ ಅದು ಚೂರು ಬೇಕು, ಪೂರಾ ಹೀರಿಬಿಟ್ಟರೆ ಉಪವಾಸ ಬಿದ್ದಹಾಗೆ ಎಂದು ಅವನು ವಿವರಿಸಿದ. ಬೈಯಲಿಲ್ಲ. ಇಷ್ಟು ಸಣ್ಣ ತೊಟ್ಟಿಗೆ ಬೇಕಾದದ್ದೆಲ್ಲ ವಾರವಾರ ಬದಲಿಸುವ ಉಪ್ಪುನೀರಿನಲ್ಲೇ ಇರುತ್ತದೆ, ಫಿಲ್ಟರಿನಲ್ಲಿ ಸ್ಪಂಜು ಮತ್ತು ಇದ್ದಿಲು ಇದ್ದರೆ ಸಾಕು ಎಂದ.

"ಮತ್ತ ಇಷ್ಟೆಲ್ಲಾ ಯಾಕ್ ತಂದಿದ್ದಿ?"

"ನಂಗೂ ಆಗ ಗೊತ್ತಿರಲಿಲ್ಲ," ಎಂದು ಅವನು ನಕ್ಕ. ಆ ನಗು ನೋಡಿ ಗುರುಬಾಯಿ ಮುಖ ತಗ್ಗಿಸಿ ಬಾಟಲಿಗಳ ಮುಚ್ಚಳ ಬಿಗಿಮಾಡತೊಡಗಿದಳು.

ನೀರು ತಿರುಗಿಸುವ ಪಂಪಿನ ಮೇಲೆ ಹೆಚ್ಚಾದ ಕ್ಷಾರದ ಬಿಳಿ ಪುಡಿ ಕೂತಿದೆಯೇ ಎಂದು ಅವನು ಕೇಳಿದ. ಪಂಪು ಯಾವುದೆಂದು ಅವಳಿಗೆ ತಿಳಿಯಲಿಲ್ಲ. ಅವನು ಕೈ ಚಾಚಿದ. ಅವಳ ಹೆಗಲು ಹಿಡಿದು, ಬಾಗಿಲ ಚೌಕಟ್ಟಿನ ಬಳಿ ಒಮ್ಮೆ ನಿಂತು ಉಸಿರು ತೆಗೆದುಕೊಂಡು, ಹಾಲಿಗೆ ಬಂದು ತೊಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೂತ. ಹರಳುಗಳ ಚೀಲ ತೆಗೆಸಿದ, ಇದ್ದಿಲು ಹೊಸದು ಹಾಕಿಸಿದ. ನೀರು ಸ್ವಲ್ಪ ಸ್ವಲ್ಪವಾಗಿ ಬದಲಾಗಬೇಕು, ಅವಸರ ಮಾಡಬಾರದು ಎಂದ.

ಆಮೇಲೆ ದಿನಾ ಬಂದು ಕೂರತೊಡಗಿದ. ದೊಡ್ಡ ಹವಳವೊಂದು ಉಳಿಯಲಿಲ್ಲ. ಉಳಿದವು ನಿಧಾನವಾಗಿ ಬಿಚ್ಚಿಕೊಂಡವು.

ಒಂದು ಭಾನುವಾರ, ಸತ್ತ ಹವಳವನ್ನು ಈಚೆ ತೆಗೆದು ಆ ಜಾಗಕ್ಕೆ ಬೇರೊಂದು ಕಲ್ಲನ್ನು ಸರಿಸಲು ಅವನು ತೋಳಿನವರೆಗೆ ಕೈ ಇಳಿಬಿಟ್ಟ. ಬಲಗಾಲು ಗಟ್ಟಿಯಾಗಿ ಊರಿ ಎದ್ದು ನಿಂತೇ ಕೆಲಸ ಮಾಡುತ್ತಿದ್ದ. ಮೊಣಕೈಯಿಂದ ಉಪ್ಪುನೀರು ತೊಟ್ಟಿಕ್ಕಿ, ಗುರುಬಾಯಿ ಆಗಷ್ಟೇ ಒರೆಸಿದ್ದ ನೆಲದ ಮೇಲೆ ಅಡಿಗೆಮನೆಯ ಬಾಗಿಲವರೆಗೂ ಹರಿಯಿತು. ಅವಳು ಒರೆಸಲು ಹೋಗದೆ ಅಲ್ಲೇ ನಿಂತು, ಅದು ಹರಿಯುವುದನ್ನೇ ನೋಡಿದಳು.